ಕಪಾಟಿನೊಳಗಿನ ಫಿಲ್ಟರ್

ಮನೆಗೆ ಬಂದವರು ಮೀನಿನ ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಏಂಜಲ್ ಮೀನುಗಳ ಉದ್ದನೆಯ ರೆಕ್ಕೆಗಳನ್ನು ಮೆಚ್ಚುತ್ತಾರೆ, ಮೀಸೆ ಆಡಿಸುತ್ತ ತಳದ ಮರಳು ಕೆದಕುವ ಕೋರಿಡೋರಾಸ್‌ಗಳನ್ನು ನೋಡಿ ನಗುತ್ತಾರೆ, ಗಿಡಗಳು ನಿಜವಾದವೇ ಎಂದು ವಿಚಾರಿಸುತ್ತಾರೆ. ಕೆಳಗಿನ ಕಪಾಟಿನ ಬಾಗಿಲು ತೆಗೆದು ತೋರಿಸಿ ಎಂದು ಮಾತ್ರ ಈವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ನಾನು ಮೀನುಗಳನ್ನು ಅವುಗಳ ಪಾಡಿಗೆ ಬಿಟ್ಟು ನೆಲದ ಮೇಲೆ ಕುಳಿತು ಮಾತು ಶುರುಮಾಡುತ್ತಿದ್ದೆ. ಮೇಲೆ ಕಾಣುವ ಅಷ್ಟೂ ಚೆಲುವು ಆ ಕಪಾಟಿನೊಳಗಿನ ಒಂದು ಮುಚ್ಚಿದ ಡಬ್ಬಿಯನ್ನು ನಂಬಿಕೊಂಡು ನಿಂತಿದೆ.

ಈಚೆಗೆ ಆ ಡಬ್ಬಿಯನ್ನು ಬದಲಾಯಿಸಬೇಕಾಗಿ ಬಂತು. ಹಳೆಯದು ಹತ್ತು ವರ್ಷಕ್ಕೂ ಮೇಲ್ಪಟ್ಟು ಹಗಲಿರುಳೆನ್ನದೆ ದುಡಿದಿತ್ತು. ಮೋಟಾರಿಗೆ ಏನೂ ಆಗಿರಲಿಲ್ಲ. ಡಬ್ಬಿಯ ತಲೆಯನ್ನು ಬಿಗಿಹಿಡಿಯುವ ಪ್ಲಾಸ್ಟಿಕ್ ಕೊಂಡಿಗಳಲ್ಲಿ ಒಂದು ಮುರಿಯಿತು. ಅದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಬೆಳಗಾಗುವಷ್ಟರಲ್ಲಿ ಕಪಾಟಿನ ಹಲಗೆಯ ಮೇಲೆ ಅಂಗೈಯಗಲ ನೀರು ನಿಲ್ಲತೊಡಗಿತು. ಆ ಮಾದರಿಯ ಬಿಡಿಭಾಗಗಳು ಈಗ ಸಿಗುವುದಿಲ್ಲ. ಅಂಟು ಹಾಕಿ ನೋಡಿ ಎಂದು ಸಲಹೆ ಕೊಟ್ಟವರಿದ್ದರು. ಇನ್ನೂರು ಲೀಟರಿಗೂ ಹೆಚ್ಚು ನೀರು ಮೇಲೆ ನಿಂತಿರುವಾಗ, ಒಂದು ಮೊಳ ದೂರದಲ್ಲಿ ವಿದ್ಯುತ್ ಸಾಕೆಟ್ ಇರುವಾಗ, ಬಿರುಕಿಗೆ ಅಂಟು ಮೆತ್ತಿ ನೆಮ್ಮದಿಯಾಗಿ ಮಲಗುವುದು ನನ್ನಿಂದಾಗದ ಮಾತು.

ಹಾಗಾಗಿ ಹೊಸ ಫಿಲ್ಟರ್ ಬಂತು. ಆದರೆ ಬದಲಾಯಿಸಿದ್ದು ಏನನ್ನು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಡಬ್ಬಿ ಹೊಸದು, ಮೋಟಾರು ಹೊಸದು, ಬುಟ್ಟಿಗಳು ಹೊಸವು. ನಿಜವಾಗಿ ನೀರನ್ನು ಶುದ್ಧ ಮಾಡುವುದು ಮಾತ್ರ ಹಳೆಯದೇ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಈ ಇಡೀ ಕೆಲಸದ ಜೀವಾಳ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ. ತೊಟ್ಟಿಯಿಂದ ಒಂದು ಕೊಳವೆ ಕೆಳಗಿಳಿಯುತ್ತದೆ, ನೀರು ತನ್ನ ಭಾರದಿಂದಲೇ ಡಬ್ಬಿಗೆ ಬೀಳುತ್ತದೆ. ಒಳಗಿರುವ ಸ್ಪಂಜು, ಸೆರಾಮಿಕ್ ಉಂಗುರಗಳ ಪದರಗಳನ್ನು ಹಾದು ಮೇಲೇರಿ, ತಲೆಯಲ್ಲಿರುವ ಪಂಪಿಗೆ ಸಿಕ್ಕಿ, ಇನ್ನೊಂದು ಕೊಳವೆಯಿಂದ ತೊಟ್ಟಿಗೆ ಮರಳುತ್ತದೆ. ಇಳಿಯುವ ನೀರು ಏರುವ ನೀರನ್ನು ತೂಗಿಸುವುದರಿಂದ ಪಂಪಿಗೆ ಅಷ್ಟೆತ್ತರಕ್ಕೆ ನೀರನ್ನು ಎತ್ತುವ ಹೊರೆಯಿಲ್ಲ. ಕೊಳವೆ ಮತ್ತು ಪದರಗಳ ತಡೆಯನ್ನು ಮೀರಿದರೆ ಸಾಕು. ಆದ್ದರಿಂದಲೇ ಇಷ್ಟು ಚಿಕ್ಕ ಮೋಟಾರಿನಿಂದ ಕೆಲಸ ನಡೆಯುತ್ತದೆ. ನನ್ನದು 20 ವ್ಯಾಟಿನದು. ದಿನದ 24 ಗಂಟೆ, ತಿಂಗಳ 30 ದಿನ ಓಡಿದರೂ ಹದಿನಾಲ್ಕೂವರೆ ಯೂನಿಟ್ ದಾಟುವುದಿಲ್ಲ.

ಪಂಪಿನ ಕಟ್ಟೋಣ ನನಗೆ ಇಂದಿಗೂ ಸೋಜಿಗ. ತಾಮ್ರದ ಸುರುಳಿ ರಾಳದೊಳಗೆ ಪೂರ್ತಿ ಹುದುಗಿದೆ, ನೀರು ಅದನ್ನು ಮುಟ್ಟುವುದೇ ಇಲ್ಲ. ನೀರಿನೊಳಗೆ ತಿರುಗುವುದು ಬೆರಳುದ್ದದ ಒಂದು ಅಯಸ್ಕಾಂತ ಮತ್ತು ಅದರ ತುದಿಯ ಪುಟ್ಟ ರೆಕ್ಕೆಗಳು. ಅದನ್ನೇ ಇಂಪೆಲ್ಲರ್ ಎನ್ನುತ್ತಾರೆ. ಎರಡು ಧ್ರುವಗಳ ಅಯಸ್ಕಾಂತವಾದರೆ ನಮ್ಮ 50 ಹರ್ಟ್ಜ್ ವಿದ್ಯುತ್ತಿಗೆ ನಿಮಿಷಕ್ಕೆ 3000 ಸುತ್ತು. ಇಂಥ ಸಣ್ಣ ಮೋಟಾರುಗಳು ಎಡಕ್ಕೂ ತಿರುಗಬಲ್ಲವು, ಬಲಕ್ಕೂ ತಿರುಗಬಲ್ಲವು. ಯಾವ ಕಡೆಗೆ ಎಂಬುದು ಸ್ವಿಚ್ ಹಾಕಿದ ಕ್ಷಣದ ಅದೃಷ್ಟ. ಅದಕ್ಕಾಗಿಯೇ ಹಲವು ಪಂಪುಗಳಲ್ಲಿ ರೆಕ್ಕೆಗಳನ್ನು ಬಾಗಿಸದೆ ನೇರವಾಗಿ ಇಟ್ಟಿರುತ್ತಾರೆ. ನಡುವೆ ಇರುವ ಸೆರಾಮಿಕ್ ಕಡ್ಡಿಗೆ ಎಣ್ಣೆ ಬೇಡ. ನೀರೇ ಕೀಲೆಣ್ಣೆ, ನೀರೇ ತಂಪು. ನೀರಿಲ್ಲದೆ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಹಾಳಾಗುತ್ತದೆ. ಜರ್ಮನಿಯ ಏಹೈಮ್ ಕಂಪನಿ 1960ರ ದಶಕದಲ್ಲಿ ಇಂಥ ಹೊರಗಿನ ಫಿಲ್ಟರುಗಳನ್ನು ಮಾರುಕಟ್ಟೆಗೆ ತಂದಿತು. ಎತ್ತರದ ದುಂಡನೆಯ ಡಬ್ಬಿ, ಮೇಲೊಂದು ಪಂಪು ಎಂಬ ಆ ರೂಪ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಒಂದು ವಸ್ತು ಇಷ್ಟು ಕಾಲ ರೂಪ ಬದಲಿಸದೆ ಉಳಿದಿದೆ ಎಂದರೆ ಅದರಲ್ಲಿ ಬೇಡದ್ದು ಏನೂ ಇರಲಿಲ್ಲ ಎಂದು ನಾನು ತಿಳಿಯುತ್ತೇನೆ.

ಯಂತ್ರದ ಮಾತು ಸಾಕು. ಡಬ್ಬಿಯೊಳಗೆ ನಡೆಯುವುದು ಎರಡು ಬೇರೆ ಬೇರೆ ಕೆಲಸ, ಎರಡಕ್ಕೂ ಬೇಕಾಗುವ ಆರೈಕೆ ಒಂದಕ್ಕೊಂದು ತದ್ವಿರುದ್ಧ. ಫಿಲ್ಟರ್ ನೋಡಿಕೊಳ್ಳುವುದರಲ್ಲಿರುವ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲನೆಯದು ಕಸ ಹಿಡಿಯುವ ಕೆಲಸ. ಮೀನಿನ ಹಿಕ್ಕೆ, ಉಳಿದ ಆಹಾರ, ಕೊಳೆತ ಎಲೆಯ ಚೂರು ಇವೆಲ್ಲ ಸ್ಪಂಜಿನಲ್ಲಿ ಸಿಕ್ಕಿಕೊಳ್ಳುತ್ತವೆ. ತೊಟ್ಟಿಯ ನೀರು ತಿಳಿಯಾಗಿ ಕಾಣುತ್ತದೆ, ನಮಗೆ ಸಮಾಧಾನವಾಗುತ್ತದೆ. ಆದರೆ ಆ ಕಸ ತೊಟ್ಟಿಯಿಂದ ಎಲ್ಲಿಗೂ ಹೋಗಿಲ್ಲ. ಕಣ್ಣಿಗೆ ಕಾಣದ ಕಡೆ ಕುಳಿತಿದೆ, ಅಷ್ಟೇ. ಮೀನುಗಳು ಉಸಿರಾಡುವ ಅದೇ ನೀರು ಗಂಟೆಗೆ ಹಲವು ಬಾರಿ ಆ ಕಸದ ನಡುವೆಯೇ ಹಾದುಹೋಗುತ್ತಿದೆ. ನಾವು ಡಬ್ಬಿಯನ್ನು ತೆರೆದು ಅದನ್ನು ಹೊರಗೆ ಚೆಲ್ಲುವವರೆಗೂ ಅದು ಕರಗುತ್ತ, ಕೊಳೆಯುತ್ತ ನೀರಿಗೆ ತನ್ನ ಪಾಲನ್ನು ಸೇರಿಸುತ್ತಲೇ ಇರುತ್ತದೆ. ಆದ್ದರಿಂದ ಸ್ಪಂಜನ್ನು ಆಗಾಗ ತೊಳೆಯಲೇಬೇಕು. ವರ್ಷಕ್ಕೊಮ್ಮೆ ತೆರೆದರೆ ಸಾಕು ಎಂದು ಹೆಮ್ಮೆಯಿಂದ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಎರಡನೆಯದು ಜೀವಿಗಳ ಕೆಲಸ. ಮೀನುಗಳು ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತವೆ. ಕೊಳೆಯುವ ಆಹಾರದಿಂದಲೂ ಅದೇ ಬರುತ್ತದೆ. ಅಮೋನಿಯಾ ಮೀನಿಗೆ ವಿಷ. ನೀರಿನ ಪಿಎಚ್ ಏರಿದಷ್ಟೂ ಆ ವಿಷ ಹರಿತವಾಗುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಅಪಾಯಕಾರಿ ರೂಪದಲ್ಲಿರುವುದು ನೂರಕ್ಕೆ ಒಂದು ಪಾಲೂ ಇಲ್ಲ, ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ ಐದನ್ನು ದಾಟುತ್ತದೆ. ಸೆರಾಮಿಕ್ ಉಂಗುರಗಳ ಮೇಲೆ, ಸ್ಪಂಜಿನ ರಂಧ್ರಗಳ ಒಳಗೆ ಅಂಟಿ ಬದುಕುವ ಸೂಕ್ಷ್ಮಜೀವಿಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ಕೆಟ್ಟದ್ದೇ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಸೇರಿ ಅದು ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ, ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಬಹಳಷ್ಟು ಸೌಮ್ಯ. ಅದನ್ನು ಗಿಡಗಳು ಸ್ವಲ್ಪ ಹೀರುತ್ತವೆ, ಉಳಿದದ್ದನ್ನು ವಾರ ವಾರ ನೀರು ಬದಲಿಸಿ ನಾವೇ ತೆಗೆಯಬೇಕು. ಎಷ್ಟು ದುಬಾರಿ ಫಿಲ್ಟರ್ ತಂದರೂ ನೀರು ಬದಲಿಸುವ ಕೆಲಸ ತಪ್ಪುವುದಿಲ್ಲ.

ಈ ಜೀವಿಗಳ ಕಥೆ ಇನ್ನೂ ಮುಗಿದಿಲ್ಲ, ನನಗೆ ಅದರಲ್ಲಿ ವಿಶೇಷ ಅಕ್ಕರೆ. 1890ರ ಆಸುಪಾಸಿನಲ್ಲಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಜ್ಯೂರಿಕ್‌ನಲ್ಲಿ ಇಂಥ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ. ಆಮೇಲೆ ಹಲವು ದಶಕಗಳ ಕಾಲ ಅಕ್ವೇರಿಯಂ ಪುಸ್ತಕಗಳೆಲ್ಲ ನೈಟ್ರೊಸೊಮೊನಾಸ್ ಮತ್ತು ನೈಟ್ರೊಬ್ಯಾಕ್ಟರ್ ಎಂಬ ಎರಡು ಹೆಸರುಗಳನ್ನೇ ಹೇಳುತ್ತ ಬಂದವು. 1998ರಲ್ಲಿ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ಅಕ್ವೇರಿಯಂಗಳನ್ನು ಪರೀಕ್ಷಿಸಿದಾಗ ನೈಟ್ರೈಟನ್ನು ಉಣ್ಣುತ್ತಿದ್ದದ್ದು ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಎಂದು ತಿಳಿಯಿತು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಸಮುದ್ರದ ನೀರಿನ ತೊಟ್ಟಿಯೊಂದರಲ್ಲಿ, ಬ್ಯಾಕ್ಟೀರಿಯಾವೇ ಅಲ್ಲದ ಆರ್ಕಿಯಾ ಎಂಬ ಬೇರೊಂದು ವಂಶದ ಜೀವಿ ಅಮೋನಿಯಾವನ್ನು ಉಂಡು ಬದುಕುತ್ತಿರುವುದು ಪತ್ತೆಯಾಯಿತು. 2015ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು: ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಎರಡೂ ಹೆಜ್ಜೆಗಳನ್ನು ಒಂಟಿಯಾಗಿ ಮುಗಿಸುವ ನೈಟ್ರೊಸ್ಪೈರಾಗಳಿವೆ ಎಂದು. ಅವು ಸಿಕ್ಕ ತಾಣಗಳಲ್ಲಿ ಒಂದು ಮೀನು ಸಾಕಣೆ ವ್ಯವಸ್ಥೆಯ ಜೈವಿಕ ಫಿಲ್ಟರ್. ಶತಮಾನಕ್ಕೂ ಹೆಚ್ಚು ಕಾಲ ಎರಡು ಬಗೆಯ ಜೀವಿಗಳು ಹಂಚಿಕೊಂಡು ಮಾಡುವ ಕೆಲಸ ಎಂದು ನಂಬಿದ್ದನ್ನು ಒಂದೇ ಜೀವಿ ಮಾಡುತ್ತಿತ್ತು, ಅದೂ ಮೀನಿನ ನೀರಿನಲ್ಲೇ. ಕಪಾಟಿನ ಬಾಗಿಲು ತೆಗೆದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇವುಗಳ ಸ್ವಭಾವದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಇವು ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ, ನೀರಿನಲ್ಲಿ ತೇಲುವುದು ಕಡಿಮೆ. ಹೊಸ ತೊಟ್ಟಿಗೆ ಹಳೆಯ ತೊಟ್ಟಿಯ ನೀರನ್ನು ಸುರಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ಅದರಿಂದಲೇ ಹೆಚ್ಚು ಆಧಾರವಿಲ್ಲ. ಎರಡನೆಯದಾಗಿ, ಇವು ಬಹಳ ನಿಧಾನವಾಗಿ ಹೆಚ್ಚುತ್ತವೆ. ಅನುಕೂಲ ಒದಗಿದರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ 20 ನಿಮಿಷದಲ್ಲಿ ಇಮ್ಮಡಿಯಾಗುತ್ತದೆ. ಇವುಗಳಿಗೆ ಗಂಟೆಗಟ್ಟಲೆ, ಎಷ್ಟೋ ಸಲ ದಿನವೇ ಬೇಕು. ಏನೂ ಇಲ್ಲದ ಹೊಸ ಫಿಲ್ಟರ್ ತನ್ನ ಕಾಲ ಮೇಲೆ ನಿಲ್ಲಲು ನಾಲ್ಕರಿಂದ ಆರು ವಾರ ಹಿಡಿಯುವುದು ಇದರಿಂದ. ಮೀನು ಸಾಕುವವರ ಮಾತಿನಲ್ಲಿ ತೊಟ್ಟಿ ‘ಸೈಕಲ್’ ಆಗುವುದು ಎಂದರೆ ಇದೇ.

ಈಗ ನನ್ನ ಮಾತಿಗೆ ಮರಳುತ್ತೇನೆ. ಕಸ ಹಿಡಿಯುವ ಸ್ಪಂಜು ತೊಳೆ ಎನ್ನುತ್ತದೆ. ಜೀವಿಗಳು ನೆಲೆಸಿದ ಉಂಗುರಗಳು ಮುಟ್ಟಬೇಡ ಎನ್ನುತ್ತವೆ. ಎರಡೂ ಒಂದೇ ಡಬ್ಬಿಯಲ್ಲಿವೆ. ಫಿಲ್ಟರ್ ತೆರೆದು ಎಲ್ಲವನ್ನೂ ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ಉಜ್ಜಿ ಇಡುವವರನ್ನು ನಾನು ಕಂಡಿದ್ದೇನೆ. ಅವರ ಶುಚಿತ್ವದ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಅಡುಗೆಮನೆಯ ಶುಚಿತ್ವ, ನೀರಿನದಲ್ಲ. ಬೆಂಗಳೂರಿನ ನಲ್ಲಿಗೆ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹತ್ತಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ. ಬೆರೆಸುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ನಮ್ಮ ಹೊಟ್ಟೆಯನ್ನು ಕಾಯುವ ಆ ಕ್ಲೋರಿನ್ ಫಿಲ್ಟರಿನ ಉಂಗುರಗಳ ಮೇಲೆ ಬಿದ್ದರೆ ಅಲ್ಲಿಯೂ ತನ್ನ ಕೆಲಸ ಮಾಡುತ್ತದೆ. ಮರುದಿನ ಫಿಲ್ಟರ್ ಥಳಥಳಿಸುತ್ತಿರುತ್ತದೆ, ಮೂರನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ. ಅಂಗಡಿಯವರು ರೋಗ ಎಂದು ಔಷಧಿ ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಅಕ್ವೇರಿಯಂ ಹವ್ಯಾಸ ಮುಗಿಯುವುದು ಹೀಗೆ, ಹೆಚ್ಚು ಪ್ರೀತಿಯಿಂದ ತೊಳೆದದ್ದಕ್ಕೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ.

ಡಬ್ಬಿ ತೆರೆದಾಗ ಕಾಣುವ ಕಂದು ಕೆಸರು ನೋಡಲು ಹೇಸಿಗೆ ಎನಿಸಬಹುದು. ಒಮ್ಮೆ ಮೂಗಿನ ಹತ್ತಿರ ಹಿಡಿದು ನೋಡಿ. ಆರೋಗ್ಯವಾಗಿರುವ ಫಿಲ್ಟರಿಗೆ ಮೊದಲ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಎರಡೂ ಕಡೆ ಆ ವಾಸನೆಗೆ ಜಿಯೊಸ್ಮಿನ್ ಎಂಬ ಒಂದೇ ರಾಸಾಯನಿಕ ಕಾರಣ, ಅದನ್ನು ತಯಾರಿಸುವುದೂ ಸೂಕ್ಷ್ಮಜೀವಿಗಳೇ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಎಚ್ಚರಿಕೆ ಬೇಕು. ಒಳಗೆ ಎಲ್ಲೋ ಗಾಳಿಯಾಡದೆ ಹೈಡ್ರೋಜನ್ ಸಲ್ಫೈಡ್ ಹುಟ್ಟಿದೆ ಎಂದು ಅದರ ಅರ್ಥ. ನಾನು ಪರೀಕ್ಷೆಯ ಕಿಟ್ ತೆಗೆಯುವ ಮೊದಲು ಮೂಗನ್ನೇ ಕೇಳುತ್ತೇನೆ.

ಹೊಸ ಫಿಲ್ಟರ್ ಕೊಳ್ಳುವಾಗ ನಾನು ಮೊದಲು ವಿಚಾರಿಸಿದ್ದು ಅದರ ಬೆಲೆಯನ್ನಲ್ಲ, ಓ-ರಿಂಗ್ (ತಲೆ ಮತ್ತು ಡಬ್ಬಿಯ ನಡುವೆ ನೀರು ಸೋರದಂತೆ ತಡೆಯುವ ರಬ್ಬರ್ ಬಳೆ), ಇಂಪೆಲ್ಲರ್, ಸೆರಾಮಿಕ್ ಕಡ್ಡಿ, ಕೊಂಡಿ ಇವು ಬಿಡಿಯಾಗಿ ಸಿಗುತ್ತವೆಯೇ ಎಂದು. ಸಿಗುವುದಿಲ್ಲ ಎಂದಾದರೆ ಆ ಫಿಲ್ಟರಿನ ಆಯುಸ್ಸು ಅದರ ಅತ್ಯಂತ ದುರ್ಬಲ ಪ್ಲಾಸ್ಟಿಕ್ ತುಂಡಿನ ಆಯುಸ್ಸು. ಎರಡನೆಯದಾಗಿ, ಪೆಟ್ಟಿಗೆಯ ಮೇಲೆ ಬರೆದ ಹರಿವಿನ ಅಂಕಿಯನ್ನು ನಾನು ಇದ್ದಂತೆ ನಂಬುವುದಿಲ್ಲ. ಸಾಮಾನ್ಯವಾಗಿ ಅದು ಖಾಲಿ ಡಬ್ಬಿಯ ಲೆಕ್ಕ. ಸ್ಪಂಜು, ಉಂಗುರ ತುಂಬಿ, ಒಂದೆರಡು ಮೀಟರ್ ಕೊಳವೆ ಜೋಡಿಸಿದರೆ ಹರಿವು ಬಹಳ ಇಳಿಯುತ್ತದೆ. ತೊಟ್ಟಿಯ ನೀರು ಗಂಟೆಗೆ ನಾಲ್ಕಾರು ಬಾರಿ ಫಿಲ್ಟರನ್ನು ಹಾಯಬೇಕು ಎಂಬುದು ಬಳಕೆಯ ಲೆಕ್ಕಾಚಾರ. ನನ್ನದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ ತೊಟ್ಟಿ. ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 220ರ ಹತ್ತಿರ. ಗಂಟೆಗೆ ಸಾವಿರ ಲೀಟರ್ ಎಂದು ಹೇಳಿಕೊಳ್ಳುವ ಫಿಲ್ಟರ್ ಇದಕ್ಕೆ ಹೆಚ್ಚೇನಲ್ಲ. ಏಂಜಲ್ ಮೀನುಗಳು ರಭಸದ ಹರಿವನ್ನು ಇಷ್ಟಪಡುವುದಿಲ್ಲ, ಅವುಗಳ ಎತ್ತರದ ದೇಹ ಹಾಯಿಯಂತೆ ನೀರಿಗೆ ಸಿಕ್ಕಿಬಿಡುತ್ತದೆ. ಅದಕ್ಕಾಗಿ ನೀರು ಮರಳುವ ತುದಿಗೆ ಸಾಲು ತೂತುಗಳಿರುವ ಕೊಳವೆಯನ್ನು ಹಾಕಿ ಹರಿವನ್ನು ಗೋಡೆಯುದ್ದಕ್ಕೂ ಹಂಚಿದ್ದೇನೆ.

ಹಳೆಯದು ಸೋರದೆ ಇದ್ದಿದ್ದರೆ ಹಳೆಯದನ್ನೂ ಹೊಸದನ್ನೂ ಒಂದು ತಿಂಗಳು ಜೊತೆಜೊತೆಯಾಗಿ ಓಡಿಸಬಹುದಿತ್ತು. ಹೊಸ ಉಂಗುರಗಳಿಗೆ ಜೀವಿಗಳು ತಾವಾಗಿಯೇ ಹಬ್ಬುತ್ತಿದ್ದವು. ಅದೇ ಉತ್ತಮ ದಾರಿ, ಆಗುವವರು ಅದನ್ನೇ ಮಾಡಿ. ನನಗೆ ಉಳಿದಿದ್ದು ಒಳಗಿನದ್ದನ್ನೆಲ್ಲ ಒಂದೇ ಸಲ ಸಾಗಿಸುವ ದಾರಿ. ಇದು ಹಾಲಿಗೆ ಹೆಪ್ಪು ಹಾಕುವ ಹಾಗೆ. ಪಾತ್ರೆ ಎಷ್ಟೇ ಹೊಸದಾಗಿರಲಿ, ನಿನ್ನೆಯ ಮೊಸರಿನ ಒಂದು ಚಮಚ ಇಲ್ಲದಿದ್ದರೆ ಹಾಲು ಹಾಲಾಗಿಯೇ ಉಳಿಯುತ್ತದೆ, ಇಲ್ಲವೇ ಒಡೆಯುತ್ತದೆ. ಒಂದು ವ್ಯತ್ಯಾಸ ಇದೆ: ಮೊಸರು ಒಂದು ರಾತ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಫಿಲ್ಟರಿನದು ಅಷ್ಟು ಚುರುಕಲ್ಲ. ಆದ್ದರಿಂದ ಇಲ್ಲಿ ಒಂದು ಚಮಚ ಸಾಲದು, ಇದ್ದಷ್ಟನ್ನೂ ಹಾಕಬೇಕು.

ಅಂಗಡಿಯಲ್ಲಿ ಹೊಸ ಫಿಲ್ಟರಿನ ಜೊತೆಗೆ ಥಳಥಳಿಸುವ ಹೊಸ ಉಂಗುರಗಳು, ಹೊಸ ಸ್ಪಂಜು, ಸಕ್ರಿಯ ಇದ್ದಿಲಿನ ಒಂದು ಚೀಲ ಎಲ್ಲವನ್ನೂ ಕೊಟ್ಟರು. ಇದ್ದಿಲನ್ನು ಎತ್ತಿಟ್ಟೆ. ಔಷಧಿ ಹಾಕಿದ ಮೇಲೆ ಅದರ ಉಳಿಕೆಯನ್ನು ತೆಗೆಯಲು, ನೀರಿನ ಹಳದಿ ಬಣ್ಣವನ್ನು ಕಳೆಯಲು ಅದು ಬೇಕಾಗುತ್ತದೆ, ದಿನನಿತ್ಯಕ್ಕೆ ಬೇಡ. ತೊಟ್ಟಿಯ ನೀರನ್ನು ಎರಡು ಬಕೆಟ್ಟುಗಳಿಗೆ ತುಂಬಿಸಿಕೊಂಡೆ. ಈ ಬಕೆಟ್ಟುಗಳಿಗೆ ನಮ್ಮ ಮನೆಯಲ್ಲಿ ಸೋಪು, ಮಾರ್ಜಕ ಎಂದೂ ಸೋಕುವುದಿಲ್ಲ. ನೆಲ ಒರೆಸಲು ಅವುಗಳನ್ನು ಯಾರೂ ಎತ್ತಿಕೊಳ್ಳದಂತೆ ಕೆಂಪು ದಾರ ಕಟ್ಟಿದೆ. ಒಂದು ಬಕೆಟ್ಟಿನಲ್ಲಿ ಹಳೆಯ ಉಂಗುರಗಳು ನೀರಿನಲ್ಲಿ ಮುಳುಗಿ ಕಾದವು. ಇನ್ನೊಂದರಲ್ಲಿ ಒರಟು ಸ್ಪಂಜನ್ನು ನಾಲ್ಕು ಬಾರಿ ಹಿಂಡಿದೆ. ನೀರು ಚಹಾದ ಬಣ್ಣಕ್ಕೆ, ಆಮೇಲೆ ಅದಕ್ಕಿಂತ ಗಾಢವಾದ ಕಂದಿಗೆ ತಿರುಗಿತು. ಸ್ಪಂಜು ಹೊಸದರಂತೆ ಆಗುವವರೆಗೆ ಹಿಂಡಲಿಲ್ಲ, ನೀರು ಸರಾಗವಾಗಿ ಹಾಯುವಷ್ಟಕ್ಕೆ ನಿಲ್ಲಿಸಿದೆ.

ಹೊಸ ಡಬ್ಬಿಯ ಬುಟ್ಟಿಗಳನ್ನು ತುಂಬುವಾಗ ನೀರು ಬರುವ ದಾರಿಯನ್ನು ಬೆರಳಿನಿಂದ ಅನುಸರಿಸಿ ನೋಡಬೇಕು. ಸಾಮಾನ್ಯವಾಗಿ ಅದು ಕೆಳಗಿನಿಂದ ಮೇಲಕ್ಕೆ, ಆದರೆ ಎಲ್ಲ ಮಾದರಿಗಳಲ್ಲೂ ಅಲ್ಲ. ನೀರು ಮೊದಲು ಮುಟ್ಟುವ ಕಡೆ ಒರಟು ಸ್ಪಂಜು, ಕಸ ಅಲ್ಲಿಯೇ ನಿಲ್ಲಲಿ. ನಂತರ ಹಳೆಯ ಉಂಗುರಗಳು. ಖಾಲಿ ಉಳಿದ ಬುಟ್ಟಿಯಲ್ಲಿ ಹೊಸ ಉಂಗುರಗಳು, ಹಳೆಯವುಗಳ ಪಕ್ಕದಲ್ಲೇ. ಕೊನೆಗೆ, ಪಂಪಿಗೆ ಸ್ವಲ್ಪ ಮೊದಲು, ಬಿಳಿ ನಯವಾದ ಫಿಲ್ಟರ್ ಉಣ್ಣೆಯ ತೆಳು ಪದರ. ಇದೊಂದನ್ನು ಮಾತ್ರ ಕೊಳೆಯಾದಾಗ ಎಸೆದು ಹೊಸದನ್ನು ಹಾಕುತ್ತೇನೆ. ಉಂಗುರಗಳನ್ನು ಆರು ತಿಂಗಳಿಗೊಮ್ಮೆ ಬದಲಿಸಿ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ನಾನು ಬದಲಿಸುವುದಿಲ್ಲ. ಅವು ಪುಡಿಯಾಗುವವರೆಗೆ ಅಲ್ಲಿಯೇ ಇರಲಿ.

ಓ-ರಿಂಗಿಗೆ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ತೆಳುವಾಗಿ ಸವರಿದೆ. ಪೆಟ್ರೋಲಿಯಂ ಜೆಲ್ಲಿ ಕೈಗೆ ಸಿಗುತ್ತದೆ ಎಂದು ಅದನ್ನು ಬಳಸಬಾರದು, ಕೆಲವು ಬಗೆಯ ರಬ್ಬರ್ ಅದರಿಂದ ಹಿಗ್ಗಿ ಹಾಳಾಗುತ್ತದೆ. ಡಬ್ಬಿಯನ್ನು ತೊಟ್ಟಿಯ ನೀರಿನಿಂದಲೇ ತುಂಬಿಸಿ, ತಲೆಯನ್ನು ಕೂರಿಸಿ, ಕೊಂಡಿಗಳನ್ನು ಎದುರುಬದುರಾಗಿ ಒತ್ತಿ, ಕೊಳವೆಗಳ ಕವಾಟ ತೆರೆದೆ. ಗಾಳಿ ಗುಳುಗುಳು ಎಂದು ಹೊರಬಂದಿತು. ಸ್ವಿಚ್ ಹಾಕಿದ ಮೇಲೆ ಡಬ್ಬಿಯನ್ನು ಆ ಕಡೆ ಈ ಕಡೆ ನಿಧಾನವಾಗಿ ಓಲಿಸಿದಾಗ ಉಂಗುರಗಳ ನಡುವೆ ಅಡಗಿದ್ದ ಗುಳ್ಳೆಗಳು ಒಂದೊಂದಾಗಿ ಮೇಲೆ ಹೋದವು, ಪಂಪಿನ ಕಟಕಟ ಶಬ್ದ ಅಡಗಿತು. ಸುತ್ತ ಹಳೆಯ ವೃತ್ತಪತ್ರಿಕೆ ಹಾಸಿದೆ. ಒಂದು ಹನಿ ಬಿದ್ದರೂ ಕಾಗದದ ಮೇಲೆ ಕಲೆಯಾಗಿ ತೋರುತ್ತದೆ, ಬರಿಯ ಹಲಗೆಯ ಮೇಲೆ ತೋರುವುದಿಲ್ಲ. ವಿದ್ಯುತ್ ತಂತಿಯನ್ನು ಸಾಕೆಟ್ಟಿಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ಒಯ್ದಿದ್ದೇನೆ. ತಂತಿಯ ಗುಂಟ ನೀರು ಹರಿದರೂ ಸಾಕೆಟ್ಟಿಗೆ ಹೋಗದೆ ಆ ತಿರುವಿನಲ್ಲಿ ನೆಲಕ್ಕೆ ತೊಟ್ಟಿಕ್ಕಲಿ ಎಂದು. ಇದನ್ನು ದಯವಿಟ್ಟು ಎಲ್ಲರೂ ಮಾಡಿ.

ಮುಂದಿನ ಕೆಲವು ವಾರ ನಾನು ಆಹಾರವನ್ನು ಅರ್ಧಕ್ಕೆ ಇಳಿಸಿದೆ. ದಿನವೂ ಸಂಜೆ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ನಡೆಯಿತು. ಗಾಜಿನ ನಳಿಕೆಯಲ್ಲಿ ನೀರು ತುಂಬಿ, ಹನಿ ಲೆಕ್ಕಹಾಕಿ ಹಾಕಿ, ಕುಲುಕಿ, ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ಹೋಲಿಸುವುದು. ನೈಟ್ರೈಟ್ ನಳಿಕೆ ಒಮ್ಮೆ ನಸು ನೇರಳೆಯ ಅನುಮಾನ ಹುಟ್ಟಿಸಿತು. ಆ ದಿನವೇ ತೊಟ್ಟಿಯ ಕಾಲುಭಾಗ ನೀರು ಬದಲಿಸಿದೆ, ಮರುದಿನ ಅದು ಮತ್ತೆ ತಿಳಿನೀಲಿಗೆ ಮರಳಿತು. ಆದರೆ ನಳಿಕೆಗಿಂತ ಹೆಚ್ಚು ನಾನು ನೋಡಿದ್ದು ಏಂಜಲ್ ಮೀನುಗಳ ಕಿವಿರಿನ ಮುಚ್ಚಳವನ್ನು. ನೆಮ್ಮದಿಯಲ್ಲಿರುವ ಮೀನಿನ ಮುಚ್ಚಳ ಅಲುಗುವುದು ಗಮನವಿಟ್ಟರೆ ಮಾತ್ರ ಕಾಣುತ್ತದೆ. ನೀರು ಕೆಟ್ಟರೆ ಅದು ದೂರದಿಂದಲೇ ಕಾಣುವಂತೆ ಬಡಿದುಕೊಳ್ಳುತ್ತದೆ. ಕೋರಿಡೋರಾಸ್‌ಗಳು ಆಗಾಗ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಹಿಂದಿರುಗುವುದು ಅವುಗಳ ಸಹಜ ರೂಢಿ, ಅವು ಕರುಳಿನಿಂದಲೂ ಉಸಿರಾಡಬಲ್ಲವು. ಅದು ಹೆಚ್ಚಾಯಿತೇ ಎಂದು ಗಮನಿಸಬೇಕು, ಇದೆ ಎಂಬುದಕ್ಕೆ ಗಾಬರಿಯಾಗಬೇಕಿಲ್ಲ. ಬರಬರುತ್ತ ಎಲ್ಲವೂ ಮೊದಲಿನ ಲಯಕ್ಕೆ ಬಂದವು, ನಾನೂ ಆಹಾರವನ್ನು ಮೊದಲಿನ ಅಳತೆಗೆ ಏರಿಸಿದೆ.

ಕರೆಂಟು ಹೋಗುವ ಊರುಗಳಲ್ಲಿ ಕ್ಯಾನಿಸ್ಟರ್, ಅಂದರೆ ಇಂಥ ಡಬ್ಬಿ ಫಿಲ್ಟರ್ ಸಾಕುವವರು ಒಂದು ವಿಷಯವನ್ನು ತಿಳಿದಿರಲೇಬೇಕು. ಡಬ್ಬಿಯೊಳಗಿನ ಜೀವಿಗಳು ಆಮ್ಲಜನಕದ ದೊಡ್ಡ ಗಿರಾಕಿಗಳು: ಒಂದು ಗ್ರಾಂ ಅಮೋನಿಯಾ ನೈಟ್ರೋಜನ್ನನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಗ್ರಾಮಿಗೂ ಹೆಚ್ಚು ಆಮ್ಲಜನಕ ಬೇಕು. ಪಂಪು ನಿಂತರೆ ಮುಚ್ಚಿದ ಡಬ್ಬಿಗೆ ಹೊಸ ಆಮ್ಲಜನಕ ಬರುವ ದಾರಿ ಮುಚ್ಚುತ್ತದೆ. ಅರ್ಧ ಮುಕ್ಕಾಲು ಗಂಟೆಗೆ ಏನೂ ಆಗದು. ಹಲವು ಗಂಟೆ ಕಳೆದರೆ, ಅದರಲ್ಲೂ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಒಳಗೆ ಉಸಿರುಕಟ್ಟಿ ಜೀವಿಗಳು ಸಾಯತೊಡಗುತ್ತವೆ, ನೀರು ಕೆಡುತ್ತದೆ. ಕರೆಂಟು ಬಂದ ಕ್ಷಣ ಪಂಪು ಆ ಕೆಟ್ಟ ನೀರನ್ನೆಲ್ಲ ತೊಟ್ಟಿಗೆ ಸುರಿಯುತ್ತದೆ. ದೀರ್ಘ ಹೊತ್ತು ನಿಂತ ಫಿಲ್ಟರನ್ನು ಮತ್ತೆ ಶುರುಮಾಡುವ ಮೊದಲು ಡಬ್ಬಿ ತೆರೆದು, ನೀರು ಚೆಲ್ಲಿ, ಒಳಗಿನದ್ದನ್ನು ತೊಟ್ಟಿಯ ನೀರಿನಲ್ಲಿ ಒಮ್ಮೆ ಆಡಿಸಿ ಕೂರಿಸಬೇಕು. ಇದಕ್ಕಿಂತ ಸುಲಭ ಉಪಾಯ ಫಿಲ್ಟರಿಗೆ ಮನೆಯ ಇನ್ವರ್ಟರಿನ ಸಂಪರ್ಕ ಕೊಡುವುದು. 20 ವ್ಯಾಟ್ ಎಂಬುದು ಅದಕ್ಕೆ ಲೆಕ್ಕಕ್ಕೇ ಇಲ್ಲದ ಹೊರೆ. ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ಒಳ್ಳೆಯದು. ಸ್ಕ್ವೇರ್ ವೇವ್ ಆದರೆ ಪಂಪು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ.

ನೀರಿನ ಇನ್ನೊಂದು ಗುಣವೂ ಇಲ್ಲಿ ಸೇರುತ್ತದೆ. ಅಮೋನಿಯಾವನ್ನು ಉಣ್ಣುವ ಈ ಕೆಲಸದಲ್ಲಿ ನೀರಿನ ಕ್ಷಾರೀಯತೆ, ಅಂದರೆ ಪಿಎಚ್ ಬೀಳದಂತೆ ತಡೆಯುವ ಗುಣ, ಖರ್ಚಾಗುತ್ತ ಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿರುವವರಿಗೆ ಇದು ಚಿಂತೆಯ ವಿಷಯವಲ್ಲ, ಅಲ್ಲಿ ಅದು ಧಾರಾಳವಾಗಿರುತ್ತದೆ. ಮೀನಿಗೆ ಒಳ್ಳೆಯದು ಎಂದು ಬರಿಯ ಆರ್‌ಒ ನೀರು ತುಂಬುವವರ ತೊಟ್ಟಿಯಲ್ಲಿ ತಿಂಗಳುಗಳ ಮೇಲೆ ಪಿಎಚ್ ಜಾರಿ ಬೀಳುತ್ತದೆ, ಜೀವಿಗಳ ಕೆಲಸ ನಿಧಾನವಾಗುತ್ತದೆ, ಎಲ್ಲವನ್ನೂ ಸರಿಯಾಗಿ ಮಾಡಿದರೂ ಫಿಲ್ಟರ್ ಏಕೆ ಸೋತಿತು ಎಂದು ತಿಳಿಯುವುದಿಲ್ಲ. ನಾನು ಕಾವೇರಿ ನೀರನ್ನು ಒಂದು ದಿನ ತೆರೆದ ಡ್ರಮ್ಮಿನಲ್ಲಿ ನಿಲ್ಲಿಸಿ ಕ್ಲೋರಿನ್ ಹಾರಿಸಿ ಬಳಸುತ್ತೇನೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್, ಅಂದರೆ ಹಿಂದೆ ಫೋಟೋ ಸ್ಟುಡಿಯೊಗಳಲ್ಲಿ ಹೈಪೋ ಎಂದು ಕರೆಯುತ್ತಿದ್ದ ಅದೇ ಹರಳು.

ಇನ್ನು ಮುಂದಿನ ಆರೈಕೆ. ಯಾವಾಗ ತೆರೆಯಬೇಕು ಎಂಬುದನ್ನು ಕ್ಯಾಲೆಂಡರ್ ಹೇಳುವುದಕ್ಕಿಂತ ಹರಿವು ಚೆನ್ನಾಗಿ ಹೇಳುತ್ತದೆ. ಹೊಸ ಫಿಲ್ಟರ್ ಕೂರಿಸಿದ ದಿನವೇ, ನೀರು ಮರಳುವ ತುದಿಯನ್ನು ತೊಟ್ಟಿಯ ಮಟ್ಟದಲ್ಲಿ ಒಂದು ಲೀಟರಿನ ಅಳತೆಯ ಪಾತ್ರೆಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಕಪಾಟಿನ ಬಾಗಿಲ ಒಳಭಾಗದಲ್ಲಿ ಬರೆದಿಟ್ಟಿದ್ದೇನೆ. ಆ ಹೊತ್ತು ಒಂದೂವರೆ ಪಟ್ಟಾದರೆ ಹರಿವು ಮೂರರಲ್ಲಿ ಒಂದು ಭಾಗ ಕುಗ್ಗಿದೆ ಎಂದಾಯಿತು, ಡಬ್ಬಿ ತೆರೆಯುವ ಸಮಯ ಬಂದಿದೆ. ಜೊತೆಗೆ ತೊಟ್ಟಿಯೊಳಗೆ ನೀರು ಹೀರುವ ಬಾಯಿಗೆ ಒಂದು ಒರಟು ಸ್ಪಂಜಿನ ತೋಳು ಹಾಕಿದ್ದೇನೆ. ಕಸದ ಬಹುಪಾಲು ಅಲ್ಲಿಯೇ ನಿಲ್ಲುತ್ತದೆ. ವಾರಕ್ಕೊಮ್ಮೆ ನೀರು ಬದಲಿಸುವಾಗ ಅದನ್ನು ಕಳಚಿ ಹಿಂಡಿದರೆ ಕಸ ತೊಟ್ಟಿಯಿಂದ ನಿಜವಾಗಿ ಹೊರಗೆ ಹೋದಂತೆ, ಕೆಳಗಿನ ಉಂಗುರಗಳ ಗೊಡವೆಗೆ ಹೋಗಬೇಕಾದ್ದಿಲ್ಲ. ತೊಳೆ ಎನ್ನುವುದನ್ನೂ ಮುಟ್ಟಬೇಡ ಎನ್ನುವುದನ್ನೂ ಬೇರೆ ಮಾಡಲು ನನಗೆ ತಿಳಿದಿರುವ ಅತ್ಯಂತ ಅಗ್ಗದ ಸಾಧನ ಇದು. ಹಿಂಡಿದ ಆ ಕಂದು ನೀರು ನೇರವಾಗಿ ಬಾಲ್ಕನಿಯ ಕರಿಬೇವು, ದಾಸವಾಳದ ಕುಂಡಗಳಿಗೆ ಹೋಗುತ್ತದೆ.

ಇಂಪೆಲ್ಲರನ್ನು ಡಬ್ಬಿ ತೆರೆದಾಗಲೆಲ್ಲ ಹೊರಗೆ ತೆಗೆಯಬೇಕು. ಅದು ಕೂರುವ ಗುಳಿಯೊಳಗೆ ಲೋಳೆ ಕಟ್ಟಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಗಡಸು ನೀರಿನ ಊರಿನಲ್ಲಿ ಅಯಸ್ಕಾಂತದ ಮೇಲೆ ಬಿಳಿ ಸುಣ್ಣ ಕೂರುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಚೆನ್ನಾಗಿ ತೊಳೆದರೆ ಹೋಗುತ್ತದೆ. ಸೆರಾಮಿಕ್ ಕಡ್ಡಿಯನ್ನು ಎಳೆಯುವಾಗ ಮಾತ್ರ ನಿಧಾನ. ಅದು ಗಟ್ಟಿ, ಆದರೆ ಬಾಗುವುದಿಲ್ಲ, ಸ್ವಲ್ಪ ಓರೆಯಾಗಿ ಎಳೆದರೂ ಟಕ್ಕೆಂದು ಮುರಿಯುತ್ತದೆ.

ಒಂದು ಕೆಲಸ ಬಾಕಿ ಇದೆ. ಡಬ್ಬಿ ಹೊಸದಾದರೂ ಕೊಳವೆಗಳು ಹಳೆಯವೇ. ಅವುಗಳ ಒಳಗೋಡೆಗೆ ಅಂಟಿದ ಲೋಳೆಯನ್ನು ಉದ್ದನೆಯ ಸ್ಪ್ರಿಂಗ್ ಬ್ರಷ್ ಹಾಯಿಸಿ ತೆಗೆದದ್ದಕ್ಕೇ ಹರಿವು ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಆದರೆ ಕವಾಟದ ಹತ್ತಿರ ಪ್ಲಾಸ್ಟಿಕ್ ಗಡುಸಾಗಿ, ಬಗ್ಗಿಸಿದರೆ ಬೆಳ್ಳಗೆ ಗೆರೆ ಬೀಳುತ್ತಿದೆ. ಮುಂದಿನ ಸಲ ತೆರೆಯುವಾಗ ಅವನ್ನೂ ಬದಲಿಸಬೇಕು. 16/22 ಮಿಲಿಮೀಟರ್ (ಒಳ ಮತ್ತು ಹೊರ ವ್ಯಾಸ) ಅಳತೆಯ ಗಾಢ ಹಸಿರು ಕೊಳವೆ ಸಿಗುತ್ತದೆಯೇ ಎಂದು ಶಿವಾಜಿನಗರದ ಅಂಗಡಿಗಳಲ್ಲಿ ವಿಚಾರಿಸಲು ಹೇಳಿದ್ದೇನೆ. ಪಾರದರ್ಶಕ ಕೊಳವೆಗಿಂತ ಅದು ವಾಸಿ, ಬೆಳಕು ಒಳಗೆ ಹೋಗದಿದ್ದರೆ ಪಾಚಿ ಕಟ್ಟುವುದು ಕಡಿಮೆ.